ಹೆಜ್ಜೆ ಬೀಳದ ನೆಲ

ಅವುಸ್ವಿತ್ತುಕ್, ಎಲ್ಸ್‌ಮಿಯರ್ ದ್ವೀಪ
14 ಆಗಸ್ಟ್ 2019, ಬುಧವಾರ. ದಟ್ಟ ಮಂಜು. ನಾಲ್ಕು ದಿನದಿಂದ ವಿಮಾನ ಇಳಿದಿಲ್ಲ.

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಒಟ್ಟಾವಾದಲ್ಲಿ ಸೆಕೆಯೆಂದು ರಾತ್ರಿಯಿಡೀ ಕಿಟಕಿ ತೆರೆದು ಮಲಗುತ್ತೀಯಂತೆ, ಬೇಡ. ಒಣಮೀನು ಕಟ್ಟಿಟ್ಟಿದ್ದೇನೆ, ವಿಮಾನ ಬಂದರೆ ಈ ಕಾಗದದ ಜೊತೆಯಲ್ಲೇ ಬರುತ್ತದೆ. ಹೋದ ಸಲದ ಹಾಗೆ ನಿನ್ನ ಕೋಣೆಯ ಗೆಳತಿ ವಾಸನೆ ಎಂದು ಅದನ್ನು ಹೊರಗಿಟ್ಟರೆ, ನೀನು ಅವಳನ್ನೇ ಹೊರಗಿಡು. ಹತ್ತೊಂಬತ್ತು ವರ್ಷದ ಮೊಮ್ಮಗಳನ್ನು ಅಜ್ಜ ಅಮ್ಮಾ ಎಂದು ಕರೆಯುವುದು ಕೇಳಿ ನಕ್ಕವಳೂ ಅವಳೇ ಅಲ್ಲವೇ? ಅವಳಿಗೆ ಇಷ್ಟು ಹೇಳು. ನನ್ನ ಅಮ್ಮ ಅಲಾಸುವಾಕ್ ಸತ್ತ ವರ್ಷ ಆ ಹೆಸರು ಆಗ ನಮ್ಮೂರಲ್ಲಿ ಹುಟ್ಟಿದ ಜೋಬಿಗೆ ಹೋಯಿತು. ಹದಿನಾಲ್ಕು ವರ್ಷದ ಮೇಲೆ ನಿನಗೂ ಬಂತು. ಹೆಸರು ಹೊತ್ತವರೇ ಅಮ್ಮ, ಅಮ್ಮನಿಗೆ ಎದುರು ಮಾತಾಡುವಂತಿಲ್ಲ. ನನ್ನ ಇಬ್ಬರು ಅಮ್ಮಂದಿರಲ್ಲಿ ಒಬ್ಬರಿಗೆ ಮೂವತ್ತಮೂರು ವರ್ಷ, ಮುಖದ ತುಂಬ ಗಡ್ಡ ಎಂದೂ ಹೇಳು, ಇನ್ನಷ್ಟು ನಗಲಿ. ಈ ಕಾಗದ ಆ ಗಡ್ಡದ ಅಮ್ಮನ ಮೇಲಿನ ದೂರು.

ಮೊದಲು ಮೀಕಾಳ ವಿಷಯ. ಹಡಗಿನಲ್ಲಿ ಬರುವ ಪ್ರವಾಸಿಗರಿಗೆ ಊರಿನ ಕರಪತ್ರ ಮಾಡುವ ಕೆಲಸ ನನ್ನ ತಂಗಿಯ ಈ ಮಗಳಿಗೆ ಸಿಕ್ಕಿದೆ. ನಮ್ಮ ನೆಲದ ಬಗ್ಗೆ ಒಂದು ಪುಟ ಬರೆದುಕೊಡು ಎಂದಳು. ಬರೆದೆ. ಗಾಳಿ ಯಾವ ಕಣಿವೆಯಿಂದ ಸುಳಿವೇ ಕೊಡದೆ ಇಳಿಯುತ್ತದೆ, ಜುಲೈಯಲ್ಲಿ ಸಮುದ್ರದ ಮೇಲಿನ ಹೆಪ್ಪು ಮೊದಲು ಯಾವ ಮೂಲೆಯಲ್ಲಿ ಬಿರಿಯುತ್ತದೆ, ಹಿಮನದಿಯ ಮೂತಿ ನನ್ನ ಕಾಲದಲ್ಲೇ ಎಷ್ಟು ಹಿಂದೆ ಸರಿದಿದೆ, ಚಹಾಕ್ಕೆ ಯಾವ ಬಗೆಯ ಮಂಜುಗಡ್ಡೆ ಒಡೆಯಬೇಕು, ಎಲ್ಲ. ಓದಿ ಪೆಚ್ಚುಮೋರೆ ಹಾಕಿದಳು. ‘ಮಾಮಾ, ಇದು ದೋಣಿ ನಡೆಸೋರಿಗೆ ಎಚ್ಚರಿಕೆ ಕೊಟ್ಟ ಹಾಗಿದೆ. ಓದಿದೋರಿಗೆ ಬರ್ಬೇಕು ಅನ್ನಿಸ್ಬೇಕು.’ ಮತ್ತೆ ಬರೆದೆ. ಮೂರನೆಯ ಸಲ, ಚಳಿಗಾಲದಲ್ಲಿ ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದಳು. ನವೆಂಬರಿನಿಂದ ಫೆಬ್ರವರಿಯವರೆಗೆ ಸೂರ್ಯನಿಲ್ಲ, ಆದ್ದರಿಂದ ಏನೂ ಕಾಣುವುದಿಲ್ಲ ಎಂದು ಬರೆದುಕೊಟ್ಟೆ. ಆಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟಳು. ಅಚ್ಚಾಗಿ ಬಂದದ್ದರಲ್ಲಿ ನನ್ನ ಹೆಸರಿದೆ, ನಾನು ಬರೆದ ಒಂದು ವಾಕ್ಯವೂ ಇಲ್ಲ. ಮುಖಪುಟಕ್ಕೆ, ನಾವು ಅಮ್ಮನ ಕೊಲ್ಲಿ ಎನ್ನುವ ಜಾಗದ ಫೋಟೋ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಮನುಷ್ಯನ ಹೆಜ್ಜೆ ಬೀಳದ ನೆಲ.

ಅದೇ ಫೋಟೋದ ಎಡ ಅಂಚಿನಲ್ಲಿ, ಡೇರೆಯ ಬಟ್ಟೆ ಹಾರದಂತೆ ಸುತ್ತ ಇಟ್ಟ ಕಲ್ಲುಗಳು ಕಾಣುತ್ತವೆ. ಇಟ್ಟು ಅರವತ್ತಾರು ವರ್ಷವಾಯಿತು. ಸರಕಾರದವರು ನನ್ನ ಹೆತ್ತಮ್ಮನನ್ನೂ ಉಳಿದವರನ್ನೂ ದಕ್ಷಿಣದಿಂದ ಹಡಗಿನಲ್ಲಿ ತಂದು ಈ ತೀರಕ್ಕೆ ಇಳಿಸಿ, ಎರಡು ವರ್ಷ ಇದ್ದು ನೋಡಿ, ಒಗ್ಗದಿದ್ದರೆ ವಾಪಸು ಕರೆದೊಯ್ಯುತ್ತೇವೆ ಎಂದಿದ್ದರು. ಕರೆದೊಯ್ಯುವ ಹಡಗು ಬರಲಿಲ್ಲ. ಮೊದಲ ಚಳಿಗಾಲವನ್ನು ಅವಳು ಆ ಬಟ್ಟೆಯೊಳಗೆ ಕಳೆದಳು. ಪಕ್ಕದ ಸಣ್ಣ ಕಲ್ಲುಗುಪ್ಪೆ ನನ್ನ ಅಣ್ಣ. ಆರು ವಾರ ಬದುಕಿದ್ದ. ನೆಲ ಅಗೆಯಲು ಬಾರದ್ದರಿಂದ ಮೇಲೆ ಕಲ್ಲು ಪೇರಿಸಿದರು. ಅಮ್ಮ ಇರುವ ತನಕ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ಕೂತು, ಒಂದು ಲೋಟ ಚಹಾ ಕುಡಿದು ಬರುತ್ತಿದ್ದಳು. ಚಹಾದ ಸಾಮಾನು ಹೊರುತ್ತಿದ್ದವನು ನಾನು.

ಬರುವ ಸೋಮವಾರ ದೊಡ್ಡ ಹಡಗು ಬರುತ್ತದೆ, ಇನ್ನೂರು ಜನ. ಹಿಮನದಿ ಹತ್ತಿರದಿಂದ ಕಾಣುವ, ವಯಸ್ಸಾದವರೂ ಇಳಿಯಬಹುದಾದ ಸಮತಟ್ಟು ದಂಡೆ ಬೇಕಂತೆ. ನಿನ್ನೆ ಊರಿನ ಸಭೆಯಲ್ಲಿ ಜೋಬಿ ಎದ್ದು ಅಮ್ಮನ ಕೊಲ್ಲಿಯನ್ನು ತೋರಿಸಿಬಿಟ್ಟ. ಜನರನ್ನು ದಂಡೆಗೆ ಮುಟ್ಟಿಸುವ ದೋಣಿಯೂ ಅವನದೇ. ನಾನು ಎದ್ದು ನಿಂತೆ. ಬಾಯಿ ತೆರೆಯುವ ಮೊದಲೇ ಅವನು ಕೈ ಎತ್ತಿದ. ‘ಕೂತ್ಕೋ ಮಗನೇ. ಆ ಡೇರೆಲಿ ನಡುಗಿದ್ದು ನಾನು, ನೀನಿನ್ನೂ ಹುಟ್ಟಿರ್ಲಿಲ್ಲ. ಅವ್ರು ಬರ್ಲಿ ಅಂತ ನಾನೇ ಹೇಳ್ತಿದೀನಿ.’ ಸಭೆಯೆಲ್ಲ ನಕ್ಕಿತು. ನಾನು ಕೂತೆ. ಅರವತ್ತೆರಡು ವರ್ಷದವನು, ಶಾಲೆಯ ಹುಡುಗನ ಹಾಗೆ. ಬೇರೆ ಯಾರು ಆ ಮಾತು ಆಡಿದ್ದರೂ ಉತ್ತರ ನಾಲಗೆಯ ತುದಿಯಲ್ಲಿತ್ತು. ಅಮ್ಮನ ಹೆಸರಿಗೆ ಹೇಗೆ ಕೊಡಲಿ? ಹೊರಗೆ ಬಂದ ಮೇಲೆ ಹೆಗಲ ಮೇಲೆ ಕೈಯಿಟ್ಟು, ‘ಮಗೂನ ಸುತ್ತ ಹಗ್ಗ ಕಟ್ಟಿಸ್ತೀನಿ, ಯಾರೂ ತುಳಿಯಲ್ಲ’ ಎಂದ. ಹಗ್ಗ ಕಟ್ಟಿದರೆ ಇನ್ನೂರು ಜನವೂ ಅದರದೇ ಫೋಟೋ ತೆಗೆಯುತ್ತಾರೆ ಎನ್ನಬೇಕೆಂದಿದ್ದೆ. ಮನೆಗೆ ಬಂದು ನಾಯಿಗಳಿಗೆ ಎರಡು ಸಲ ಊಟ ಹಾಕಿದೆ.

ಜೋಬಿ ಕೆಟ್ಟವನೆಂದು ನೀನು ತಿಳಿಯಬಾರದು. ಹೋದ ಚಳಿಗಾಲ ನಾನು ಸೊಂಟ ಹಿಡಿದು ಮಲಗಿದ್ದಾಗ ವಾರ ತಪ್ಪದೆ ಸೀಲ್ ಮಾಂಸ ತಂದಿಟ್ಟವನು ಅವನು. ‘ಉಂಡ್ಯಾ ಮಗನೇ’ ಎಂದು ಕೇಳದೆ ಒಂದು ದಿನವೂ ಹೋದದ್ದಿಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ: ಸಿಟ್ಟು ಮಾಡಲು ಅವನು ಜಾಗವನ್ನೇ ಬಿಟ್ಟಿಲ್ಲ.

ಚೆನ್ನಾಗಿ ಓದು. ಹೊತ್ತಿಗೆ ಸರಿಯಾಗಿ ಉಣ್ಣು. ಅಜ್ಜನಾಗಿ ನಿನ್ನ ತಲೆಯ ಮೇಲೆ ಕೈಯಿಡುತ್ತೇನೆ. ಮಗನಾಗಿ ನಿನ್ನ ಹರಕೆ ಬೇಡುತ್ತೇನೆ, ಈ ವಾರ ಅದು ಬೇಕಾಗಿದೆ.

ನಿನ್ನ ಮಗ, ನಿನ್ನ ಅಜ್ಜ,
ಸ್ಯಾಮ್ವಿಲಿ

ಮರೆತ ಮಾತು: ಮಂಜು ಸರಿಯಿತು, ವಿಮಾನದ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತೇನೆ. ಫೋನ್ ಮಾಡಬಹುದಿತ್ತು. ಮಾಡಿದ್ದರೆ ನೀನು ‘ಬೇಡ ಮಗನೇ’ ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಇದು ನಿನ್ನ ಕೈಗೆ ಬರುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ. ಭಾನುವಾರ ಹಳೆಯ ಬಿಳಿ ಡೇರೆಯನ್ನು ಒಯ್ದು ಅಮ್ಮನ ಕಲ್ಲುಗಳ ಮೇಲೇ ಹೂಡುತ್ತೇನೆ, ಬಾಗಿಲು ಅಣ್ಣನ ಕಡೆಗೆ. ಹಡಗಿನವರು ಬಂದಾಗ ಅಲ್ಲಿ ಒಬ್ಬ ಚಹಾ ಕುಡಿಯುತ್ತ ಕೂತಿರುತ್ತಾನೆ. ಬರಬಹುದೇ ಎಂದು ಅವರು ಅವನನ್ನು ಕೇಳಲಿ. ಅಲ್ಲಿಗೆ ಹೋಗಲು ನನಗೆ ದೋಣಿಯಿಲ್ಲ. ಜೋಬಿಯನ್ನೇ ಕೇಳಬೇಕು: ಅಮ್ಮಾ, ನನ್ನನ್ನು ಕೊಲ್ಲಿಗೆ ಬಿಟ್ಟು ಬಾ, ಎಂದು. ಮಗ ಕೇಳಿದ್ದಕ್ಕೆ ಅವನೂ ಇಲ್ಲ ಎನ್ನುವಂತಿಲ್ಲ. ನಾಳೆ ಬೆಳಿಗ್ಗೆ ಕೇಳುತ್ತೇನೆ.