ಹೊನ್ನೂರಿಯ ಬಾಯಿ ಮತ್ತು ಗುಡ್ಡದ ಕರಡಿ

ಫೆಬ್ರವರಿ ಮೂವತ್ತು, ೨೧೮೭
ಗುಡ್ಡದ ಕೆಳಗಿನ ನಿಮ್ಮದೇ ಊರು

ಹಿರಿಯವ್ವ ಗಾಳೆಮ್ಮನವರಿಗೆ ಪಾಲಯ್ಯ ಮಾಡುವ ನಮಸ್ಕಾರಗಳು. ನೀವು ಆರಾಮಾಗಿದ್ದೀರಾ? ಮಾವ ಓಬಳೇಶಪ್ಪನವರ ಮೊಣಕಾಲು ನೋವು ಇಳಿಯಿತೇ? ಅತ್ತೆ ಜಂಬಮ್ಮನವರ ಕೆಮ್ಮು ಹೇಗಿದೆ? ತೊಟ್ಟಿಲಲ್ಲಿರುವ ನಿಮ್ಮ ಮಗ ತಿಪ್ಪೇಶಿಗೆ ಹಲ್ಲು ಬಂದವೇ? ಆ ತಿಪ್ಪೇಶಿಯ ಮರಿಮಗನ ಮಗ ನಾನು. ನನಗೆ ಅರವತ್ತು ದಾಟಿದೆ, ನಿಮಗಿನ್ನೂ ಮೂವತ್ತಾಗಿಲ್ಲ. ಆದರೂ ನೀವೇ ಹಿರಿಯರು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಎರಡು ದಿನ ಹೆಚ್ಚಿಗೆ ಕೊಟ್ಟಿದ್ದಾರೆ. ನಾನು ಶಾಲೆಗೆ ಹೋದವನಲ್ಲ, ಅಕ್ಷರಗಳನ್ನು ನಾನೇ ಕೂಡಿಸಿಕೊಂಡು ಕಲಿತವನು; ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆಂದು ಕೇಳಬೇಡಿ, ನನಗೂ ಪೂರ್ತಿ ತಿಳಿಯದು.

ಹೆಮ್ಮೆಯ ಸುದ್ದಿಯೊಂದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ನನ್ನ ಮೊಮ್ಮಗಳು ಹೊನ್ನೂರಿ ಊರಿನ ಮುಂದನಿಯಾಗಿದ್ದಾಳೆ. ಗುಡ್ಡಕ್ಕೆ ಹೋಗುವ ಗುಂಪಿನ ಮುಂದೆ ಬಿಡದೆ ಮಾತಾಡುತ್ತಾ ನಡೆಯುವವರನ್ನು ನಾವು ಮುಂದನಿ ಎನ್ನುತ್ತೇವೆ. ನಿಮ್ಮ ಕಾಲಕ್ಕಿಂತ ಈಗ ಕರಡಿಗಳು ಹೆಚ್ಚು. ಬಂಡೆಸಂದಿಯ ಗವಿಗಳೆಲ್ಲ ಅವುಗಳವೇ. ಕರಡಿಗೆ ಕಣ್ಣು ಮಂದ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ಕಿವಿಯೂ ಇಲ್ಲ. ಬೇಕೆಂದು ಮೇಲೆ ಬೀಳುವ ಪ್ರಾಣಿಯಲ್ಲ ಅದು. ಸದ್ದಿಲ್ಲದೆ ಹತ್ತಿರ ಹೋಗಿ ಬೆಚ್ಚಿಬೀಳಿಸಿದರೆ ಮಾತ್ರ ಮುಖಕ್ಕೇ ಕೈ ಹಾಕುತ್ತದೆ. ದೂರದಿಂದಲೇ ಮನುಷ್ಯರ ಮಾತು ಕೇಳಿದರೆ ಮರಿಗಳನ್ನು ಬೆನ್ನ ಮೇಲೆ ಹೇರಿಕೊಂಡು ತಾನಾಗಿ ಸರಿದುಹೋಗುತ್ತದೆ. ನಾವು ಬಿಸಿಲೇರಿದ ಮೇಲೆ ಹೊರಟು, ಹೊತ್ತು ಮುಳುಗುವ ಮೊದಲೇ ಇಳಿಯುತ್ತೇವೆ. ನಾಯಿಯನ್ನು ಮನೆಯಲ್ಲೇ ಕಟ್ಟುತ್ತೇವೆ. ಅದು ಕರಡಿಯನ್ನು ಕೆಣಕಿ, ಬೆನ್ನಟ್ಟಿಸಿಕೊಂಡು ಓಡಿಬಂದು ನಮ್ಮ ಕಾಲಸಂದಿಗೇ ನುಸುಳುತ್ತದೆ.

ಮೊದಲು ಈ ಕೆಲಸವನ್ನು ಗುಲ್ಲುಪೆಟ್ಟಿಗೆಗಳು ಮಾಡುತ್ತಿದ್ದವು. ಬಿಸಿಲು ಕುಡಿದು ಕೂಗುವ ಪೆಟ್ಟಿಗೆಗಳು ಅವು. ದಾರಿಯುದ್ದಕ್ಕೂ ಕಂಬಕ್ಕೆ ಕಟ್ಟಿದ್ದೆವು. ಜನ ಇರಲಿ ಬಿಡಲಿ, ದಿನವಿಡೀ ಒಂದೇ ಕೂಗು. ಕರಡಿಗಳು ಅದಕ್ಕೆ ಒಗ್ಗಿಹೋದದ್ದು ನಮಗೆ ಹೊಳೆಯಲಿಲ್ಲ. ಹೋದ ವರ್ಷ ಮುಳ್ಳುಗಿಡದ ಬಾರೆಹಣ್ಣು ಕೀಳಲು ಹೊರಟಾಗ ಹೊನ್ನೂರಿ ಎಂದಿನಂತೆ ವಟಗುಟ್ಟುತ್ತಿದ್ದಳು. ಮುಂದಿದ್ದ ನನ್ನ ತಮ್ಮ ಎರ್ರಿಸ್ವಾಮಿ ತಿರುಗಿ, “ಏ, ಬಾಯಿ ಮುಚ್ಚೇ! ಪೆಟ್ಟಿಗಿ ಕೂಗೋದು ಕರಡಿಗೆ ಕೇಳಬ್ಯಾಡ್ವಾ?” ಎಂದ. ಅವಳು ಮುನಿಸಿಕೊಂಡು ಸುಮ್ಮನಾದಳು. ಮುಂದಿನ ತಿರುವಿನಲ್ಲಿ, ಕೂಗುತ್ತಿದ್ದ ಪೆಟ್ಟಿಗೆಯ ಬುಡದಲ್ಲೇ, ಕರಡಿಯೊಂದು ಹುತ್ತ ಕೆದರುತ್ತಿತ್ತು. ಅದು ಮೇಲೆ ಬಿದ್ದಾಗ ಎರ್ರಿಸ್ವಾಮಿ ಓಡಲಿಲ್ಲ; ಕಲಿತಂತೆ ಬೋರಲು ಮಲಗಿ, ಕತ್ತಿನ ಹಿಂದೆ ಕೈ ಹೆಣೆದುಕೊಂಡ. ನಾವೆಲ್ಲ ಬೆಪ್ಪಾಗಿ ನಿಂತಿದ್ದಾಗ ಹೊನ್ನೂರಿಯ ಬಾಯಿ ಬಿಚ್ಚಿತು: “ಏ ಹಾಳಾದವ್ನೇ, ಬಿಡೋ ನಮ್ಮ ತಾತನ್ನ! ನಿಮ್ಮವ್ವ ನಿನಗ ಇದೇ ಕಲಿಸ್ಯಾಳೇನು? ಸಂತ್ಯಾಗ ಸಿಗು, ನಿನ್ನ ಮರ್ಯಾದಿ ತೆಗಿತೀನಿ!” ನಾವೂ ಒತ್ತೊತ್ತಾಗಿ ನಿಂತು ದನಿಗೂಡಿಸಿದೆವು. ಕರಡಿ ಎದ್ದು ನಿಂತು, ಗಾಳಿ ಮೂಸಿ, ಬಂಡೆಗಳ ಹಿಂದೆ ಇಳಿದುಹೋಯಿತು. ನೆತ್ತರು ಸೋರುವ ತಲೆಗೆ ಟವೆಲು ಸುತ್ತಿಸಿಕೊಳ್ಳುತ್ತಾ ಎರ್ರಿಸ್ವಾಮಿ ಹೇಳಿದ್ದು ಇಷ್ಟೇ: “ಇನ್ಮ್ಯಾಲೆ ಈಕಿಗೆ ಬಾಯಿ ಮುಚ್ಚು ಅಂದೋರ ಬಾಯಿಗೆ ನಾನೇ ಬೀಗ ಹಾಕ್ತೀನಿ.”

ಪೆಟ್ಟಿಗೆಗಳು ಕೆಳಗಿಳಿದವು. ಅಂದಿನಿಂದ ಅವಳ ಹಿಂದೆ ಹೋದವರಿಗೆ ಒಂದು ಗೀರೂ ಆಗಿಲ್ಲ. ಎದೆಯುಬ್ಬಿಸಿ ಹೇಳುತ್ತೇನೆ, ಅದು ನಿಮ್ಮ ಬಾಯಿ. ಮಾತು ಹೆಚ್ಚೆಂದು ಅತ್ತೆ ನಿಮ್ಮನ್ನು ಬೈಯುತ್ತಿದ್ದ ಕತೆ ನಮ್ಮ ಮನೆಯಲ್ಲಿ ಇಂದಿಗೂ ಉಂಟು.

ಆದರೆ ಈಗೊಂದು ಕಷ್ಟ ಬಂದಿದೆ. ವರ್ಷವಿಡೀ ಮಾತಾಡಿ ಅವಳ ಸುದ್ದಿಗಳೆಲ್ಲ ಮುಗಿದಿವೆ. ಹೇಳಿದ್ದನ್ನೇ ಹೇಳಹೋದರೆ ದನಿ ತಗ್ಗುತ್ತದೆ. ನಾವೋ, ಪೆಟ್ಟಿಗೆಯ ಕಾಲದಲ್ಲಿ ಸುಮ್ಮನೆ ನಡೆದು ಕಲಿತವರು. ನಾಲ್ಕು ಮಾತಿಗೇ ಬಾಯಿ ಒಣಗುತ್ತದೆ. ಮೊನ್ನೆ ನಡುಗುಡ್ಡದಲ್ಲಿ ಅವಳು ತಡವರಿಸಿ ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾ ಅಲ್ಲಿಂದಲೇ ಹಿಂದಿರುಗಿದೆವು. ಇನ್ನೊಮ್ಮೆ ಹೀಗಾದರೆ ಪೆಟ್ಟಿಗೆಗಳನ್ನೇ ಮತ್ತೆ ಕಟ್ಟೋಣವೆಂದು ಕಟ್ಟೆಯ ಮೇಲೆ ಮಾತಾಗಿದೆ. ಕಟ್ಟಿದರೆ ಮುಂದಿನ ಸಲ ಸೀಳುವ ತಲೆ ಯಾರದೋ.

ಆದ್ದರಿಂದ ಹಿರಿಯವ್ವ, ನಿಮ್ಮ ಸುದ್ದಿಗಳನ್ನು ಬರೆಯಿರಿ. ನಲ್ಲಿಯ ಹತ್ತಿರದ ಜಗಳ, ಓಬಳೇಶಪ್ಪನವರ ಗೊರಕೆ, ಪಕ್ಕದ ಮನೆಯ ಮದುವೆಯಲ್ಲಿ ಅರ್ಧ ಊಟಕ್ಕೆ ಎದ್ದುಹೋದವರು ಯಾರು, ಯಾಕೆ, ಎಲ್ಲ ಬೇಕು. ಚಿಕ್ಕದು ಮಾಡಬೇಡಿ. ಬರೆದು ತಿಪ್ಪೇಶಿಗೆ ಕೊಟ್ಟರೆ ಸಾಕು, ಕೈಯಿಂದ ಕೈಗೆ ನನ್ನನ್ನು ಮುಟ್ಟುತ್ತದೆ. ಗುಡ್ಡದಲ್ಲಿ ಕೊನೆಯ ಬಾರೆಹಣ್ಣು ಕೆಂಪಾಗಿವೆ, ಕರಡಿಗಳೂ ಅವಕ್ಕೇ ಇಳಿಯುತ್ತಿವೆ, ಸೋಮವಾರ ಹೊರಡಬೇಕು. ಬೇಗ ಬರೆಯಿರಿ.

ನಿಮ್ಮ ಪಾಲಯ್ಯ