ಕೊನೆಯಲ್ಲೇ ಇರಬೇಕಾದ ಸಾಲು

ಗಣಿಗೆ ನೀರು ತುಂಬಿ ಬತ್ತಿದ ನೂರಾ ಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳು, ನಲವತ್ತನೆಯ ದಿನ. ಸಂಡೂರಿನ ಹಳೆಯ ಗಣಿಯೊಳಗಿಂದ.

ಈ ಬಾಗಿಲಪಟ್ಟಿಯನ್ನು ಮೊದಲು ಬರೆದ ಹಿರಿಯರಿಗೆ, ಅಗಸಿ ಕಾಯುವ ಹುಲುಗಪ್ಪನ ಬಿನ್ನಹ.

ತಾರೀಖು ನೋಡಿ ನಗಬೇಡಿ. ಬಿಸಿಲಿಗೆ ತಿಂಗಳುಗಳೂ ಹಿಗ್ಗಿಬಿಟ್ಟವು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೂ ನನಗೆ ಹಾಗೆಯೇ ಇದೆ. ಇನ್ನೊಂದು ತಪ್ಪನ್ನೂ ಮನ್ನಿಸಬೇಕು. ನಮ್ಮಲ್ಲಿ ಕತೆಯಾಗಲಿ ಪತ್ರವಾಗಲಿ, ‘ಕೂಡಿದ ಎಲ್ಲರಿಗೂ ಶರಣು’ ಎಂದೇ ತೊಡಗಬೇಕು. ನಾನು ಹಾಗೆ ತೊಡಗಿಲ್ಲ. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೀವು ವೆಬ್ ಸರ್ವರ್ ಎನ್ನುತ್ತಿದ್ದುದನ್ನು ನಾವು ಅಗಸಿ ಎನ್ನುತ್ತೇವೆ, ಊರ ಹೆಬ್ಬಾಗಿಲಿಗೆ ಹೇಳುವಂತೆ. ಅದರ ಹಿಂದೆ ಓಡುವ ಒಂದೊಂದು ಅಪ್ಲಿಕೇಶನ್ನೂ ನಮಗೆ ಒಂದೊಂದು ಮನೆ. ಇಲ್ಲಿ ಮೂರು ಮನೆಗಳಿದ್ದವು. ಯಾವ ಬಿಲಕ್ಕೆ ಯಾವ ದಿನ ನೀರು ಎಂದು ಹೇಳುವುದು ನೀರಿನ ಮನೆ. (ನಾವೀಗ ನೆಲದೊಳಗೆ ಬದುಕುತ್ತೇವೆ, ಊರಿಗೆ ಬಿಲ ಎನ್ನುತ್ತೇವೆ. ಹೆಗ್ಗಣಗಳೇನೂ ತಕರಾರು ಮಾಡಿಲ್ಲ.) ಯಾರ ಹತ್ತಿರ ಯಾವ ಬೀಜ ಉಳಿದಿದೆ ಎಂದು ಹೇಳುವುದು ಬೀಜದ ಮನೆ. ಮೂರನೆಯದು ಗುರುತಿನ ಮನೆ. ಊರುಗಳು ಚದುರಿದಾಗ ಕೈತಪ್ಪಿದವರು ‘ನಾನು ಇಲ್ಲಿದ್ದೇನೆ’ ಎಂದು ಅಲ್ಲಿಗೆ ಹೇಳಿ ಕಳಿಸುತ್ತಾರೆ. ದೂರದ ಬಿಲಗಳಿಂದ ಬರುವ ಪ್ರತಿ ಕರೆಯ ನೆತ್ತಿಯ ಮೇಲೆ ಮನೆಯ ಹೆಸರಿರುತ್ತದೆ. ಯಾವ ಹೆಸರು ಯಾವ ಮನೆಗೆ ಎಂದು ಬರೆದ ಬಾಗಿಲಪಟ್ಟಿ ನೋಡಿ ಅಗಸಿ ಆಯಾ ಮನೆಗೆ ದಾಟಿಸುತ್ತದೆ. ಹೆಸರಿಲ್ಲದ್ದು ನೀರಿನ ಮನೆಗೆ. ಹೆಸರು ಬರೆಯಲು ಬಾರದವನಿಗೂ ಬಾಯಾರಿಕೆ ಇದ್ದೇ ಇರುತ್ತದಲ್ಲ.

ಯಂತ್ರಗಳು ಎಷ್ಟೋ ಸಲ ಬದಲಾದವು, ಮನೆಗಳ ಹೆಸರೂ ಬದಲಾದವು. ಪಟ್ಟಿಯ ಕಟ್ಟು ಮಾತ್ರ ನಿಮ್ಮದೇ. ಬೀಜ ಎಂದವರು ಬೀಜದ ಮನೆಗೆ. ಗುರುತು ಎಂದವರು ಗುರುತಿನ ಮನೆಗೆ. ಎಲ್ಲರೂ ನೀರಿನ ಮನೆಗೆ. ಈ ಮೂರನೆಯ ಸಾಲಿನ ಪಕ್ಕದಲ್ಲಿ, ಯಂತ್ರ ಓದದೆ ಮನುಷ್ಯರಷ್ಟೇ ಓದುವಂತೆ ಮುಂದೊಂದು ಚಿಹ್ನೆ ಹಾಕಿ, ನೀವು ಬರೆದಿದ್ದಿರಿ: ‘ಈ ಸಾಲು ಕೊನೆಯಲ್ಲೇ ಇರಲಿ.’

ಒಂಬತ್ತು ವರ್ಷಗಳ ಹಿಂದೆ ಅಗಸಿ ನನ್ನ ಕೈಗೆ ಬಂದಾಗ ಇದನ್ನು ಓದಿ ನನಗೆ ಸಿಟ್ಟು ಬಂತು. ‘ಎಲ್ಲರೂ’ ಎಂಬ ಮಾತನ್ನು ಕೊನೆಗೆ ಕೂರಿಸುವ ಪಂಕ್ತಿ ಯಾವ ಊರಿನದು? ನಮ್ಮಜ್ಜಿ ಕತೆ ಹೇಳಲು ಕಲಿಸುವಾಗ ತಲೆಗೆ ಮೊಟಕಿ ಹೇಳಿದ್ದಳು: “ಮೊದ್ಲು ಎಲ್ಲಾರ್ನೂ ಕರಿಯೋ ಹುಲುಗ್ಯಾ, ಆಮ್ಯಾಲ ಹೆಸರ ಹಿಡಿ. ಹೆಸರ ಹಿಡದು ಕರದ್ರ ಬಿಟ್ಟಾವ್ರ ಹೊಟ್ಟಿ ಉರೀತದ.” ಹಿಂದಿನವರಿಗೆ ಮರ್ಯಾದೆ ತಿಳಿದಿರಲಿಲ್ಲ ಎಂದುಕೊಂಡು ಆ ಸಾಲನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂದು ಅಂದು ಒಂದು ರೊಟ್ಟಿ ಹೆಚ್ಚೇ ತಿಂದೆ.

ಆಮೇಲೆ ಬೀಜದ ಮನೆಗೆ ಯಾರೂ ಬರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಮೌಲಾಸಾಬ ಎರಡು ವರ್ಷ ಕಾದ. “ಜನಕ್ಕ ಬಿತ್ತೂದ ಮರ್ತುಹೋತು ಕಾಣಪಾ” ಎಂದು ಗಂಟು ಕಟ್ಟಿಕೊಂಡು ಹೊರಟುಹೋದ. ಉಳಿದವರು ನಾನು ಮತ್ತು ಗುರುತಿನ ಮನೆಯ ಹೊನ್ನೂರವ್ವ. ಹರೆಯದಲ್ಲಿ ಊರು ಬಿಟ್ಟು ಓಡುವಾಗ, ನೀರಿನ ಕೊಡ ಎತ್ತಿಕೊಳ್ಳಲೆಂದು ಅವಳು ತಂಗಿ ಗಾದೆಮ್ಮನ ಕೈ ಬಿಟ್ಟಳಂತೆ. ತಿರುಗಿ ನೋಡಿದರೆ ತಂಗಿಯಿಲ್ಲ. ಅಂದಿನಿಂದ ಅವಳು ಕೈಯಲ್ಲಿ ಕೊಡ ಹಿಡಿದದ್ದನ್ನು ಯಾರೂ ಕಂಡಿಲ್ಲ. ತಲೆಯ ಮೇಲೆ ಹೊರುತ್ತಾಳೆ, ಕೈ ಖಾಲಿ ಇರಲಿ ಎಂದು. ದಿನಾ ಬೆಳಿಗ್ಗೆ ಗಣಿಯ ಮೆಟ್ಟಿಲಿಳಿದು ಬಂದು ಕೇಳುವಳು:

“ಯಾರರ ಬಂದಿದ್ರೇನಪಾ?”

“ಇಲ್ಲಬೇ ಯವ್ವಾ.”

“ಬರ್ತಾರ ತಗೋ. ಹಾದಿ ದೂರದ.”

ಒಂಬತ್ತು ವರ್ಷ ಇಷ್ಟೇ ಮಾತು. ಮೌಲಾಸಾಬ ಹೋದ ಮೇಲೆ ನನಗೂ ಮನುಷ್ಯರ ದನಿ ಎಂದರೆ ಇದೊಂದೇ.

ಬಂದುಹೋದ ಕರೆಗಳ ದಿನಚರಿಯನ್ನು ಅಗಸಿ ತಾನೇ ಬರೆದಿಡುತ್ತದೆ. ಯಾವ ಬಿಲದಿಂದ, ಯಾವ ಹೆಸರು, ಏನು ಮಾತು, ಮುಟ್ಟಿತೋ ಇಲ್ಲವೋ. ನಾನು ಸಾಲಿನ ತುದಿ ಮಾತ್ರ ನೋಡುತ್ತಿದ್ದೆ. ಎಲ್ಲ ಸಾಲಿನ ತುದಿಗೂ ‘ಮುಟ್ಟಿತು’. ಮುಟ್ಟಿದ ಮೇಲೆ ಮತ್ತೇನು ನೋಡುವುದು?

ಈ ತಿಂಗಳ ಮೊದಮೊದಲು ಒಂದು ಮಧ್ಯಾಹ್ನ ನೀರಿನ ಯಂತ್ರದ ಫ್ಯಾನಿಗೆ ಕೆಂಪು ಧೂಳು ಕಟ್ಟಿತ್ತು. ಒರೆಸಲೆಂದು ಅದನ್ನು ನಿಲ್ಲಿಸಿದೆ. ಆಗ ದಿನಚರಿಯಲ್ಲಿ ಮೊದಲ ಸಲ ‘ಮುಟ್ಟಲಿಲ್ಲ’ ಎಂದು ಬಿತ್ತು. ಕರೆಯ ನೆತ್ತಿಯ ಮೇಲೆ ‘ಗುರುತು’ ಎಂದಿತ್ತು. ಯಾರೋ ತಂದೆ, ಮಗನನ್ನು ಹುಡುಕುತ್ತಿದ್ದ. ನಾನು ನಿಲ್ಲಿಸಿದ್ದು ನೀರಿನ ಮನೆ. ಗುರುತಿನ ಕರೆ ಯಾಕೆ ಬೀಳಬೇಕು? ಅರಿವೆ ಬದಿಗಿಟ್ಟು ಬಾಗಿಲಪಟ್ಟಿ ತೆರೆದು ನೋಡಿದೆ. ಅಗಸಿ ಪಟ್ಟಿಯನ್ನು ಮೇಲಿನಿಂದ ಓದುತ್ತದೆ, ಹೊಂದಿದ ಮೊದಲ ಸಾಲಿಗೇ ನಿಲ್ಲುತ್ತದೆ. ‘ಎಲ್ಲರೂ’ ಎಂಬುದು ಎಲ್ಲರಿಗೂ ಹೊಂದುತ್ತದೆ. ಕೆಳಗಿನ ಸಾಲುಗಳನ್ನು ಅದು ಒಂಬತ್ತು ವರ್ಷಗಳಿಂದ ಓದಿಯೇ ಇರಲಿಲ್ಲ. ದೂರು ಹೇಳುವವರೂ ಇದೇ ಅಗಸಿಗೆ ಬರಬೇಕು. ಅವರಿಗೂ ನೀರಿನ ಮನೆಯೇ ಉತ್ತರ ಕೊಟ್ಟಿತ್ತು.

ದಿನಚರಿ ಹಿಂದೆ ತಿರುವಿದೆ. ಜಾಲಿಬಿಲದ ಗಾದೆಮ್ಮನಿಂದ ಗುರುತಿನ ಮನೆಗೆ ನಲವತ್ತೊಂದು ಕರೆ.

‘ಅಕ್ಕಾ, ನಾನು ಗಾದಿ. ಜೀವಂತ ಅದೀನಿ.’ ಉತ್ತರ: ನಿಮ್ಮ ನೀರಿನ ಸರದಿ ಗುರುವಾರ.

‘ಅಕ್ಕಾ, ಸಿಟ್ಟೇನು?’ ಗುರುವಾರ.

‘ಗುರುವಾರ ಬರ್ತೀಯೇನು? ಹಾದಿ ನೋಡ್ತೀನಿ.’ ಗುರುವಾರ.

ಕಡೆಯದು ಬಂದು ಎಂಟು ತಿಂಗಳಾಗಿತ್ತು. ‘ಅಕ್ಕಾ, ಇವತ್ತೂ ಗುರುವಾರ.’

ಹೊನ್ನೂರವ್ವನ ಮುಂದೆ ಕೂತು ಎಲ್ಲವನ್ನೂ ಓದಿದೆ. ಮತ್ತೊಮ್ಮೆ ಓದೆಂದಳು, ಓದಿದೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ.

“ಗುರುವಾರ ಬರ್ತೀನಂತ ಆಕಿಗೆ ಅಂದವ್ರ್ಯಾರಪಾ?”

“ಯಂತ್ರ, ಯವ್ವಾ. ಅದು ನೀರಿನ ಮಾತು.”

“ಯಂತ್ರಕ್ಕ ಕಾಲಿಲ್ಲ, ನನಗದಾವ. ಆಕಿ ಕಿವಿಗೆ ಅದು ನನ್ನ ಮಾತ. ನಡಸಿಕೊಡಬೇಕು.”

ಜಾಲಿಬಿಲಕ್ಕೆ ಹದಿನಾರು ದಿನದ ದಾರಿ. ಗುರುವಾರವೇ ಮುಟ್ಟುವಂತೆ ಬೆರಳೆಣಿಸಿ ಹೊರಟಳು. ಮೆಟ್ಟಿಲ ಮೇಲೆ ನಿಂತು, “ಆ ಸಾಲು ಮೊದ್ಲ ಕೆಳಗಿಳಸೋ ಹುಚ್ಚಪ್ಪಾ! ಮುಟ್ಟಿದ ಕೂಡ್ಲೆ ಕರೀತೀನಿ” ಎಂದಳು. ಇಳಿಸಿದ್ದೇನೆ. ಅವಳು ಹೊರಟು ಇಂದಿಗೆ ಇಪ್ಪತ್ತಮೂರನೆಯ ದಿನ. ಗುರುತಿನ ಮನೆಯಲ್ಲಿ ಈಗ ನಾನೇ ಕೂತಿದ್ದೇನೆ. ಬೇರೆ ಬೇರೆ ಜನರ ಕರೆಗಳು ದಿನಾ ಬರುತ್ತಿವೆ. ಅವಳದು ಬಂದಿಲ್ಲ. ಬೆಳಿಗ್ಗೆ ಮೆಟ್ಟಿಲ ಕಡೆ ನೋಡಿ ನಾನೇ ಕೇಳಿಕೊಳ್ಳುತ್ತೇನೆ, ಯಾರರ ಬಂದಿದ್ರೇನಪಾ ಎಂದು. ಗಣಿಯ ಗೋಡೆ ಅದನ್ನೇ ತಿರುಗಿ ಕೇಳುತ್ತದೆ.

ಹಿರಿಯರೇ, ತಪ್ಪು ನನ್ನದು. ಆದರೂ ಒಂದು ಬೇಡಿಕೆ. ನೀವು ಆಜ್ಞೆ ಬರೆದಿರಿ, ಕಾರಣ ಬರೆಯಲಿಲ್ಲ. ನಿಮಗೆ ಅದು ಹೇಳಬೇಕಾದಷ್ಟು ದೊಡ್ಡದು ಅನ್ನಿಸಿರಲಿಕ್ಕಿಲ್ಲ. ಇನ್ನೊಮ್ಮೆ ಇಂಥ ಪಟ್ಟಿ ಬರೆಯುವಾಗ ನಿಮ್ಮ ಭಾಷೆಯಷ್ಟೇ ಗೊತ್ತಿರುವ, ನಿಮ್ಮ ಕಸುಬು ಗೊತ್ತಿಲ್ಲದ ಒಬ್ಬ ಹುಲುಗಪ್ಪನನ್ನು ನೆನೆದು, ಕಾರಣವನ್ನೂ ನಾಲ್ಕು ಮಾತಿನಲ್ಲಿ ಬರೆದಿಡಿ. ಈ ಪತ್ರವನ್ನು ನಾನು ನಿಮ್ಮ ಆ ಸಾಲಿನ ಕೆಳಗೇ, ಯಂತ್ರ ಓದದ ಚಿಹ್ನೆ ಹಾಕಿ ಇಡುತ್ತಿದ್ದೇನೆ. ನನ್ನ ನಂತರದವರಾದರೂ ಓದಲಿ.

ಗಾದೆಮ್ಮನಿಗೆ ಶರಣು. ದಾರಿಯಲ್ಲಿರುವ ಹೊನ್ನೂರವ್ವನಿಗೆ ಶರಣು. ಎಲ್ಲಿದ್ದಾನೋ, ಮೌಲಾಸಾಬನಿಗೆ ಶರಣು. ನಿಮಗೆ ಶರಣು.

ಕೊನೆಯಲ್ಲಿ, ಎಲ್ಲರಿಗೂ ಶರಣು.