ಬಿಟ್ಟುಹೋದ ಎಲೆ

ಸವಣೂರು, ಎಲೆತೋಟ
೧೪ ಜೂನ್ ೧೯೮೬

ಮುದ್ದಿನ ಮಗಳು ಶಾರವ್ವಗೆ ಅಪ್ಪನ ಆಶೀರ್ವಾದ.

ಧಾರವಾಡದ ಮಳೆಗೆ ನಿನ್ನ ನೆಗಡಿ ಹೆಚ್ಚಾಯಿತೋ ಇಳಿಯಿತೋ, ಮೊದಲು ಅದನ್ನು ಬರೆ. ಹಾಸ್ಟೆಲಿನ ರೊಟ್ಟಿ ಗಟ್ಟಿ ಎಂದು ಊಟ ಬಿಡಬೇಡ. ಹುಳಗಳ ಹೊಟ್ಟೆಯ ಚಿಂತೆ ಮಾಡುವವಳು ತನ್ನ ಹೊಟ್ಟೆಯನ್ನೂ ನೋಡಿಕೊಳ್ಳಬೇಕು. ನಿನ್ನವ್ವನ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೆಯೇ ಇದೆ. ನಾನು ಗಟ್ಟಿಯಾಗಿದ್ದೇನೆ. ಸಂಜೆಯಾದರೆ ನಿನ್ನ ಮಿಂಚುಹುಳಗಳು ಎಲೆಬಳ್ಳಿಗಳ ನಡುವೆ ಮಿಣಮಿಣ ಎನ್ನುತ್ತವೆ. ನೀನು ಹೇಳಿದಂತೆ ಎಣಿಸಲು ಕೂತೆ, ನಲವತ್ತಕ್ಕೆ ತಪ್ಪಿತು.

ಈಗ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಿನ್ನ ಪತ್ರ ಬಂದರೆ ನಾನು ಒಬ್ಬನೇ ಓದುವವನಲ್ಲ, ನಿನಗೆ ಗೊತ್ತು. ಪಡಸಾಲೆಯಲ್ಲಿ ಯಾರಿದ್ದರೂ ಕೂರಿಸಿ, ನಿಂತು, ಜೋರಾಗಿ ಓದಬೇಕು. ಮಗಳು ಎಮ್ಮೆಸ್ಸಿ ಓದುತ್ತಾಳೆಂಬ ಸೊಕ್ಕು ಅದು. ಮೊನ್ನೆ ಗುರುವಾರ ಹುಲಗೂರಿನ ಉಡಚವ್ವ ತನ್ನ ಮಗ ಫಕ್ಕೀರಪ್ಪನನ್ನೂ ತಮ್ಮನನ್ನೂ ಕರೆದುಕೊಂಡು ನಿನ್ನ ಸಂಬಂಧ ಕೇಳುವ ಮೊದಲು ನಮ್ಮ ಮನೆತನ ನೋಡಲು ಬಂದಿದ್ದಳು. ನಿನಗೆ ತಿಳಿಸದೆ ಕರೆಸಿದ್ದು ಎರಡನೆಯ ತಪ್ಪು. ಹುಡುಗ ದನದ ದವಾಖಾನೆಯಲ್ಲಿ ಕಂಪೌಂಡರ್. ಉಪ್ಪಿಟ್ಟು ತಿನ್ನುವ ಹೊತ್ತಿಗೆ ಸರಿಯಾಗಿ ಪೋಸ್ಟಿನವನು ನಿನ್ನ ಪತ್ರ ತಂದ. "ಓದ್ರಲಾ, ಹುಡುಗಿ ಹೆಂಗ ಬರೀತಾಳ ಕೇಳೂಣು" ಎಂದಳು ಉಡಚವ್ವ. ನನಗೆ ಅಷ್ಟು ಸಾಕಾಯಿತು.

ಮಿಂಚುಹುಳದ ಬೆಳಕು ಜೋಡಿಯನ್ನು ಕೂಗುವ ಕರೆ ಮಾತ್ರ, ಕೂಡುವಾಗ ಗಂಡುಹುಳ ಬೀಜದ ಜೊತೆಗೆ ಸಣ್ಣ ಪೌಷ್ಟಿಕ ಗಂಟೊಂದನ್ನೂ ಹೆಣ್ಣಿನ ಒಡಲಿಗೆ ಕೊಡುತ್ತದೆ ಎಂದು ಓದುವಷ್ಟರಲ್ಲಿ ಹುಡುಗನ ಸೋದರಮಾವನಿಗೆ ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ನಿನ್ನವ್ವ ಸೆರಗು ಬಾಯಿಗೆ ಹಿಡಿದಳು. ನನ್ನ ಕಿವಿ ಕಾದವು. ಆದರೂ ನಿಲ್ಲಿಸಲಿಲ್ಲ, ಶಾರವ್ವ. ನಡುವೆ ನಿಲ್ಲಿಸಿದರೆ ನೀನು ಏನೋ ಕೆಟ್ಟದ್ದು ಬರೆದಂತಾಗುತ್ತಿತ್ತು. ದೊಡ್ಡದಾದ ಮೇಲೆ ಆ ಹೆಣ್ಣುಹುಳ ಏನೂ ತಿನ್ನುವುದಿಲ್ಲ, ಮರಿಯಾಗಿದ್ದಾಗ ತಿಂದದ್ದರ ಮೇಲೆಯೇ ಬದುಕಿ ಮೊಟ್ಟೆ ಇಡಬೇಕು, ಗಂಡು ಕೊಟ್ಟ ಗಂಟು ಕರಗಿ ಆ ಮೊಟ್ಟೆಗಳಿಗೆ ಸೇರುತ್ತದೆ. ನಿನ್ನ ಸರ್ ಇನ್ನೂ ಪೂರ್ತಿ ನಂಬಿಲ್ಲ, ನೀನು ತೋರಿಸಿಯೇ ತೋರಿಸುತ್ತೀ. ಸಾಕಿದ ಮರಿಹುಳಗಳಿಗೆ ತಿನ್ನಿಸಲು ಸಣ್ಣ ಬಸವನಹುಳ ಅಲ್ಲಿ ಸಾಲುತ್ತಿಲ್ಲ. ಎಲ್ಲವನ್ನೂ ಓದಿದೆ. ನಿನ್ನ ಸಹಿಯನ್ನೂ ಓದಿದೆ.

"ಇಂಥಾದ್ದು ಅಪ್ಪಗ ಬರೀತಾಳೇನ್ರಿ ಮಗಳು?" ಎಂದು ಉಡಚವ್ವ ಎದ್ದಳು. ತಟ್ಟೆಯಲ್ಲಿಟ್ಟ ಎಲೆ-ಅಡಿಕೆ ಯಾರೂ ಮುಟ್ಟಲಿಲ್ಲ. ಸವಣೂರಿನಲ್ಲಿ ಎಲೆ ಬೆಳೆಯುವವನ ಮನೆಯಿಂದ ಎಲೆ ಹಾಕಿಕೊಳ್ಳದೆ ಹೋದರೆಂದರೆ ಸಂಬಂಧ ಬೇಡವೆಂದೇ ಅರ್ಥ. ನಿನ್ನವ್ವ ಅಳತೊಡಗಿದಳು. "ಓದು ಬಿಡಿಸಿ ಕರ್ಕೊಂಡು ಬರ್ರಿ, ಸುದ್ದಿ ಹಬ್ಬಿದ್ರ ಯಾರೂ ಕೇಳಂಗಿಲ್ಲ" ಎಂದಳು. ಅವತ್ತು ನನಗೂ ಹಾಗೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ನಿನ್ನೆ ಸಂಜೆ ತೋಟದಲ್ಲಿ ಕೂತಿದ್ದಾಗ ಒಂದು ನೆನಪಾಯಿತು. ನೀನು ಹೊಟ್ಟೆಯಲ್ಲಿದ್ದಾಗ ನಾನು ಹತ್ತಿಮತ್ತೂರಿನಿಂದ ಶೇಂಗಾ, ಬೆಲ್ಲ ಧೋತರದ ಚುಂಗಿನಲ್ಲಿ ಕಟ್ಟಿ ತಂದು, ನನ್ನ ಅವ್ವನ ಕಣ್ಣು ತಪ್ಪಿಸಿ ನಿನ್ನವ್ವನ ಕೈಗೆ ಕೊಡುತ್ತಿದ್ದೆ. ಅದನ್ನು ತಿಂದೇ ನೀನು ಬೆಳೆದೆ. ನಿನ್ನ ಪತ್ರದಲ್ಲಿ ನಾಚುವಂಥದ್ದು ಏನೂ ಇಲ್ಲ, ನನ್ನವ್ವಾ. ಇದನ್ನು ನಿನ್ನವ್ವನಿಗೆ ಹೇಳಿದೆ. "ಸಾಕು, ಸುಮ್ಕಿರ್ರಿ" ಎಂದಳು, ಆದರೆ ಅಳು ನಿಂತಿತು. ಓದು ಬಿಡಿಸುವ ಮಾತಿಲ್ಲ. ಇನ್ನು ಮುಂದೆ ಹುಳದ ಸಂಗತಿ ಮಾತ್ರ ಬೇರೆ ಹಾಳೆಯಲ್ಲಿ ಬರೆ, ಅದನ್ನು ಮೊದಲು ನಾನೊಬ್ಬನೇ ಓದುತ್ತೇನೆ.

ಹೊಟ್ಟೆ ತುಂಬ ಉಣ್ಣು, ಹೊತ್ತಿಗೆ ಸರಿಯಾಗಿ ಮಲಗು. ನಿನ್ನವ್ವನ ಮುದ್ದೂ ಈ ಹಾಳೆಯಲ್ಲಿದೆ.

ನಿನ್ನ ಅಪ್ಪ,
ಹೊಳಬಸಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಫಕ್ಕೀರಪ್ಪ ಒಬ್ಬನೇ ತೋಟಕ್ಕೆ ಬಂದ, ಚಪ್ಪಲಿ ಬೇಲಿಯ ಹೊರಗೇ ಬಿಟ್ಟು. ಕೈಯಲ್ಲಿ ದವಾಖಾನೆಯ ಮುಲಾಮಿನ ಡಬ್ಬಿ, ಒಳಗೆ ಒದ್ದೆ ಮಣ್ಣು, ಡಬ್ಬಿಯ ತುಂಬ ಸಣ್ಣ ಸಣ್ಣ ಬಸವನಹುಳ. "ಮರಿಹುಳಕ್ಕ ಸಾಲವಲ್ವು ಅಂತ ಪತ್ರದಾಗ ಇತ್ತಲ್ರಿ" ಎಂದ. ತನ್ನ ಅವ್ವನನ್ನು ಒಪ್ಪಿಸಿದ್ದಾನೆ. ನಿನ್ನ ಓದು ಮುಗಿಯುವ ತನಕ ಕಾಯುತ್ತಾನಂತೆ. ಆಮೇಲೆ ತಲೆ ತಗ್ಗಿಸಿ, "ಅವತ್ತು ಬಿಟ್ಟುಹೋದ ಎಲಿ ಈಗ ಕೊಡ್ತೀರೇನ್ರಿ?" ಎಂದ. ಕೊಡಲಿಲ್ಲ. "ಮಗಳನ್ನ ಕೇಳಿ ಹೇಳ್ತೇನಿ" ಎಂದೆ. ಡಬ್ಬಿಯನ್ನು ನಾಳೆ ಧಾರವಾಡದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಎಂಟು ದಿನ ಹಸಿರಾಗಿರುತ್ತದೆ. ಅಷ್ಟರೊಳಗೆ ಬರೆ, ಕೊಡಲೋ ಬೇಡವೋ.